ಮರುಭೂಮಿಯಲ್ಲಿ ಮರಳಿ ಅಕ್ಷರಾಭ್ಯಾಸ

ಈಜಿಪ್ಟಿನಲ್ಲಿ ನೈಲ್ ನದಿಯ ಮುಖಜಭೂಮಿಗೆ ಪಶ್ಚಿಮದಲ್ಲಿ ವಾದಿ ನತ್ರೂನ್ ಎಂಬ ಮರುಭೂಮಿಯ ತಗ್ಗು ಪ್ರದೇಶವಿದೆ. ಇದರ ಪ್ರಾಚೀನ ಹೆಸರು ಸ್ಕೀಟಿಸ್. ಕ್ರಿ.ಶ. 330ರ ಸುಮಾರಿಗೆ ಮಕಾರಿಯಸ್ ಎಂಬ ಕ್ರೈಸ್ತ ತಪಸ್ವಿ ಇಲ್ಲಿ ನೆಲೆಸಿದ ಮೇಲೆ ಏಕಾಂತವನ್ನರಸಿ ಅನೇಕ ಸಾಧಕರು ಬಂದರು. ಅವರಲ್ಲಿ ಆರ್ಸೇನಿಯಸ್ ಒಬ್ಬನು. ರೋಮನ್ ಚಕ್ರವರ್ತಿ ಒಂದನೆಯ ಥಿಯೋಡೋಸಿಯಸನ ಮಕ್ಕಳಾದ ಅರ್ಕೇಡಿಯಸ್, ಹೊನೋರಿಯಸರಿಗೆ ಈತನೇ ಗುರುವಾಗಿದ್ದನೆಂದು ಪರಂಪರೆ ಹೇಳುತ್ತದೆ.

ಅರಮನೆಯಲ್ಲಿ ದೊರೆಯದ ಶಾಂತಿಯನ್ನರಸಿ ಬಂದ ಆತನಿಗೆ ಈ ಉಪ್ಪುನೆಲ, ಇಲ್ಲಿನ ಜನ, ಅವರ ನುಡಿ ಎಲ್ಲವೂ ಹೊಸದು. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಾರಂಗತನಾಗಿದ್ದರೂ ತನ್ನ ಮನದ ತೊಳಲಾಟಗಳನ್ನು ಆತ ಹಳ್ಳಿಗನಾದ ಒಬ್ಬ ವೃದ್ಧ ತಪಸ್ವಿಯ ಮುಂದೆ ನಿವೇದಿಸಿಕೊಳ್ಳುತ್ತಿದ್ದನು. ನೋಡಿದವರು ಅಚ್ಚರಿಪಟ್ಟಾಗ, ಈ ಹಳ್ಳಿಗನ ವಿದ್ಯೆಯಲ್ಲಿ ತಾನಿನ್ನೂ ಅಕ್ಷರಮಾಲೆಯನ್ನೇ ಕಲಿತಿಲ್ಲವೆಂದು ಉತ್ತರಿಸಿದನಂತೆ.

ಇತರರಂತೆ ಆತನೂ ಗರಿ ಹೆಣೆಯುವ ಕಾಯಕದಲ್ಲಿ ತೊಡಗಿದನು. ಗರಿ ನೆನೆಸಿದ ನೀರು ನಾರಿದರೂ ಅದನ್ನು ಚೆಲ್ಲುತ್ತಿರಲಿಲ್ಲ. ಅರಮನೆಯಲ್ಲಿ ಅನುಭವಿಸಿದ ಸುಗಂಧಗಳಿಗೆ ಪ್ರತಿಯಾಗಿ ಈ ವಾಸನೆಯನ್ನು ಸಹಿಸಬೇಕೆಂಬುದು ಆತನ ಭಾವನೆಯಾಗಿತ್ತು.

ಮರಳುಗಾಡು ತಾನಾಗಿಯೇ ಯಾರಿಗೂ ಶಾಂತಿಯನ್ನು ಕೊಡಲಾರದು. ಬಲ್ಲೆನೆಂಬ ಅಹಂಕಾರವನ್ನು ಇಳಿಸಿ, ಅರಿಯದ ನೆಲದಲ್ಲಿ ಶಿಷ್ಯನಾಗಿ ಕುಳಿತುದರಿಂದ ಆರ್ಸೇನಿಯಸನ ಬಾಳು ನವೀಕೃತವಾಯಿತು. ಆ ಕಣಿವೆಯ ನಾಲ್ಕು ಪುರಾತನ ಮಠಗಳಲ್ಲಿ ಇಂದಿಗೂ ಸಾಧಕರಿದ್ದಾರೆ.