ಶಿಲುಬೆಯ ಅರ್ಥ

ಬೆಂಗಳೂರಿನಿಂದ ಹೊರಟು ಹಿರೇಹಳ್ಳಿಯನ್ನು ದಾಟಿ ಮುಂದೆ ನಡೆದರೆ ತುಮಕೂರು ಪಟ್ಟಣವೂ ಅದರಾಚೆ ಗುಬ್ಬಿಯೂ ಸಿಕ್ಕುವುವು. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದರು. ಅಂದಿನಿಂದ ಈ ಸೀಮೆಯಲ್ಲಿ ಶಿಲುಬೆಯ ಕಥೆ ಕನ್ನಡದಲ್ಲಿ ಕೇಳಿಬರುತ್ತಿದೆ. ಕೊಲ್ಲುವ ಮರವೊಂದು ಪೂಜ್ಯವಾದುದು ಹೇಗೆ? ಕ್ರೈಸ್ತ ಮತವು ಪೂಜಿಸುವುದು ನೋವನ್ನೆ, ಅಥವಾ ನೋವಿನ ಹಿಂದಿರುವ ಬೇರೊಂದನ್ನೆ? ಇದನ್ನು ಇಲ್ಲಿ ಕೊಂಚ ವಿಚಾರಿಸೋಣ.

ರೋಮನರಿಗೆ ಶಿಲುಬೆಯೆಂದರೆ ನಮ್ಮವರಿಗೆ ಶೂಲವಿದ್ದಂತೆ. ಅದು ಗುಲಾಮರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ನಾಚಿಕೆಗೇಡಿನ ಮರಣ. ಕ್ರಿ. ಪೂ. 71ರಲ್ಲಿ ಸ್ಪಾರ್ಟಕಸನ ದಂಗೆ ಅಡಗಿದಾಗ ಸುಮಾರು 6,000 ಗುಲಾಮರನ್ನು ರೋಮ್ ನಗರದ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಆದಕಾರಣ ಮೊದಮೊದಲಿನ ಕ್ರೈಸ್ತರು ಆ ದೃಶ್ಯವನ್ನು ಚಿತ್ರಿಸಿದ್ದೇ ಅಪರೂಪ. ಮೀನು, ಲಂಗರು, ಹೆಗಲ ಮೇಲೆ ಕುರಿಮರಿಯನ್ನು ಹೊತ್ತ ಕುರುಬ, ಇವೇ ಅವರ ಗುರುತುಗಳಾಗಿದ್ದುವು. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಆ ಮತವನ್ನು ಮನ್ನಿಸಿದ ಮೇಲೆಯೇ ಶಿಲುಬೆಯು ಬಹಿರಂಗವಾಗಿ ಮೆರೆಯಿತು. ರೋಮಿನ ಸಂತ ಸಬೀನಾ ದೇವಾಲಯದ ಮರದ ಬಾಗಿಲಿನ ಮೇಲೆ, ಐದನೆಯ ಶತಮಾನದಲ್ಲಿ, ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಕೆತ್ತನೆಗಳಲ್ಲೊಂದು ಕಾಣಿಸಿಕೊಂಡಿತು. ಅಲ್ಲಿಯ ಯೇಸು ಕಣ್ತೆರೆದು ನಿಂತಿದ್ದಾನೆ. ರಕ್ತ ಸುರಿಯುವ, ತಲೆ ಬಾಗಿದ ಯೇಸುವಿನ ಮೂರ್ತಿಗಳು ಯೂರೋಪಿನಲ್ಲಿ ಹಬ್ಬಿದುದು ಅನಂತರದ ಶತಮಾನಗಳಲ್ಲಿ. ಇಂದಿಗೂ ಕ್ಯಾಥೊಲಿಕರ ಶಿಲುಬೆಯ ಮೇಲೆ ಯೇಸುವಿನ ದೇಹವಿರುವುದು. ಪ್ರಾಟೆಸ್ಟಂಟರ ಶಿಲುಬೆ ಸಾಮಾನ್ಯವಾಗಿ ಬರಿದು. ಒಂದು ನೋವನ್ನು ನೆನಪಿಗೆ ತರುತ್ತದೆ, ಇನ್ನೊಂದು ಪುನರುತ್ಥಾನವನ್ನು.

ಇನ್ನು ಬಲಿಯ ಮಾತು. ಯೆಹೂದ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದರ ಸ್ಮರಣೆಗಾಗಿ ಪಸ್ಕ ಹಬ್ಬದಲ್ಲಿ ಕುರಿಮರಿಯನ್ನು ಅರ್ಪಿಸುತ್ತಿದ್ದರು. ಯೇಸು ಮಡಿದುದು ಆ ಹಬ್ಬದ ಕಾಲದಲ್ಲಿಯೇ. ಆದುದರಿಂದ ಶಿಷ್ಯರು ಅವನನ್ನೇ ದೇವರ ಕುರಿಮರಿಯೆಂದು ಕಂಡರು. ರೊಟ್ಟಿ ಅವನ ದೇಹಕ್ಕೆ, ದ್ರಾಕ್ಷಾರಸ ಅವನ ರಕ್ತಕ್ಕೆ ಗುರುತಾಯಿತು.

ಈ ಭಾವವನ್ನು ಕನ್ನಡಕ್ಕೆ ತರುವುದು ಸುಲಭವಾಗಿರಲಿಲ್ಲ. ಶಿಲುಬೆಯೆಂಬ ಪದದ ಮೂಲ ಸಿರಿಯಾಕ್ ಭಾಷೆಯಲ್ಲಿದೆ. ಬಲಿ, ಯಜ್ಞ ಎಂಬ ಪದಗಳು ನಮ್ಮವೇ. ಆದರೆ ಮಾರಿಹಬ್ಬವನ್ನು ಕಂಡ ಹಳ್ಳಿಗನಿಗೆ ಬಲಿಯೆಂದರೆ ದೇವತೆಯ ಕೋಪವನ್ನು ಶಮನಮಾಡಲು ಮನುಷ್ಯನು ಕೊಡುವ ವಸ್ತು. ಇಲ್ಲಿಯೋ ಕೊಡುವವನು ದೇವರೇ, ಬಲಿಯೂ ಅವನದೇ. ಹಾಗೆಂದು ಪರಾರ್ಥವಾಗಿ ಪ್ರಾಣ ಕೊಡುವುದು ಕನ್ನಡಿಗರಿಗೆ ಹೊಸತಲ್ಲ. ತುರುಗೊಳ್ಳಿನಲ್ಲಿ ಊರಿನ ದನಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳು ನಾಡಿನಲ್ಲೆಲ್ಲ ನಿಂತಿವೆ. ಪುಣ್ಯಕೋಟಿಯ ಕಥೆಯನ್ನು ಅರಿಯದ ಮಕ್ಕಳಿಲ್ಲ. ಆದರೆ ವೀರನು ಕಾದಿ ಮಡಿದನು. ಪುಣ್ಯಕೋಟಿ ಬದುಕಿ ಹಿಂದಿರುಗಿತು. ಯೇಸುವೋ ಕೈಯೆತ್ತದೆ, ಕೊಲ್ಲುವವರ ಕ್ಷಮೆಗಾಗಿಯೇ ಬೇಡುತ್ತ ಮಡಿದನು.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ತಾನಾಗಿ ವಹಿಸಿಕೊಂಡ ನೋವು ತ್ಯಾಗ. ಮೇಲೆ ಬಂದೆರಗಿದ ನೋವು ಬರಿಯ ಸಂಕಟ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದು ಸತ್ತವರು ಯಾವ ಯಜ್ಞವನ್ನೂ ಕೈಕೊಂಡವರಲ್ಲ. ಅವರ ಮುಂದೆ ನಿಂತು ನೋವು ಪವಿತ್ರವೆಂದು ಬೋಧಿಸಿದರೆ ಅದು ಕ್ರೌರ್ಯವಾದೀತು. ಆಗ ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ತೆರೆದರು. ಮತಾಂತರದ ಉದ್ದೇಶ ಇದರೊಡನೆ ಬೆರೆತಿತ್ತೆಂದು ಆಕ್ಷೇಪಿಸುವವರುಂಟು. ಆ ಚರ್ಚೆ ನಡೆಯತಕ್ಕದ್ದೇ. ಆದರೂ ಅನಾಥನಾದ ಮಗುವಿಗೆ ಶಿಲುಬೆಯ ಅರ್ಥ ತಿಳಿಯಬಹುದಾದುದು ಉಪದೇಶಕ್ಕಿಂತ ಮೊದಲು ಅನ್ನದಿಂದ.

ಈ ಗುರುತು ಒಂದು ಮತದವರ ಸೊತ್ತಾಗಿಯೇ ಉಳಿಯಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು (1883–1963) ಕ್ರೈಸ್ತರಲ್ಲ. ಆದರೂ 1930ರ ದಶಕದಲ್ಲಿ ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು; ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಶೂಲದಂತಹ ಮರವು ಕಾವ್ಯಕ್ಕೆ ವಸ್ತುವಾದುದು ನೋವಿನ ಬಲದಿಂದಲ್ಲ. ಪರರ ಹೊರೆಯನ್ನು ತನ್ನ ಹೆಗಲಿಗೆ ಏರಿಸಿಕೊಂಡವನೊಬ್ಬನು ಅದರ ಮೇಲೆ ಮಡಿದುದರಿಂದ. ನೋವನ್ನು ಹೊಗಳುವವನಿಗಿಂತ ನೆರೆಯವನ ನೋವನ್ನು ಕಳೆಯುವವನೇ ಶಿಲುಬೆಯನ್ನು ಸರಿಯಾಗಿ ಅರಿತವನು.