ಹಾಡಿ

ಕುಂದಾಪುರದ ಗೆಳೆಯ ಫೋನಿನಲ್ಲಿ ‘ಹಾಡಿಗೆ ಹೋಗಿದ್ದೆ ಮಾರಾಯ’ ಅಂದ. ‘ಯಾವ ಹಾಡಿ? ಯಜಮಾನರು ಸಿಕ್ಕಿದ್ರಾ?’ ಅಂತ ಕೇಳಿಬಿಟ್ಟೆ. ಆ ಕಡೆ ಒಂದು ಗಳಿಗೆ ಸದ್ದೇ ಇಲ್ಲ. ಅವನು ಹೋಗಿದ್ದದ್ದು ಮನೆ ಹಿಂದಿನ ಕುರುಚಲು ಕಾಡಿಗೆ, ಸೊಪ್ಪು ತರಲು.

ಅವರಿಗೆ ಹಾಡಿ ಅಂದರೆ ಮರಗಿಡ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹಾಡಿ ಅಂದರೆ ಜನ: ಜೇನುಕುರುಬರು, ಬೆಟ್ಟಕುರುಬರು, ಯರವರು ಇರುವ ಊರು. ಕೆ.ಆರ್. ನಗರದ ನಾಲೆ ಬಯಲಿಗೆ ಇಳಿದರೆ ಕೊಪ್ಪಲುಗಳೇ ಕೊಪ್ಪಲುಗಳು, ಈ ಪದ ಕಿವಿಗೆ ಬೀಳುವುದು ಅಪರೂಪ. ಪಾಲು ಹಾಲಾದ ಹಾಗೆ ಹಳಗನ್ನಡದ ಪಾಡಿ ಹಾಡಿಯಾಗಿದೆ. ತಮಿಳಿನಲ್ಲೂ ಪಾಡಿ ಅಂದರೆ ಊರು, ಬೀಡು. ವಯನಾಡಿನ ಚಹಾ ತೋಟಗಳಲ್ಲಿ ಕೂಲಿಗಳ ಸಾಲುಮನೆಗೆ ಇವತ್ತಿಗೂ ಪಾಡಿ ಅಂತಲೇ ಹೆಸರು. (ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಪೋಡು, ಅದರ ಸಂಸಾರ ಬೇರೆ.)

ಮೊನ್ನೆ ಹಾಡಿ ಮಕ್ಕಳಿಗೆ ಪಾಠ ಮಾಡುವ ಗೆಳೆಯನ ಜೊತೆ ಬಳ್ಳೆ ಹಾಡಿ ಕಡೆ ಹೊರಟೆ. ಅಂತರಸಂತೆ ದಾಟಿ, ಉದ್ಬೂರು, ದಮ್ಮನಕಟ್ಟೆ ಕಳೆದರೆ ಮಾನಂದವಾಡಿ ರಸ್ತೆಗೆ ಎರಡೂ ಬದಿ ಕಾಡು. ಸಂಜೆ ಆರಕ್ಕೆ ಗೇಟು ಬಿದ್ದರೆ ಬೆಳಗಿನ ಆರರ ತನಕ ತೆಗೆಯುವುದಿಲ್ಲ. ಹಾಗಾಗಿ ಹೋದವರಿಗೆಲ್ಲ ಅದು ಒಂದು ಹಗಲಿನ ಊರು, ಕೊನೆ ದೋಣಿಗೆ ಕಾಯುವ ದ್ವೀಪದ ಹಾಗೆ.

ಹೋದ ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ನೂರೆ ಗೆಣಸಿನ ಮಣ್ಣು ಕೆರೆಯುತ್ತಿದ್ದರು. ಬಿದಿರು ತಡಿಕೆಯ ಗೋಡೆಗೆ ಮೆತ್ತಿದ ಮಣ್ಣು ಒಂದು ಕಡೆ ಉದುರಿ, ಒಳಗಿನ ಸ್ಟೀಲು ತಟ್ಟೆಗಳ ಹೊಳಪು ಆ ಸಂದಿಯಲ್ಲಿ ಕಾಣುತ್ತಿತ್ತು. ಅವರ ಮಾತು ನನಗೆ ಅರ್ಧ ಹಿಡಿಯಿತು, ಅರ್ಧ ಜಾರಿತು. ನಾನು ಹತ್ತಿರ ಹೋದೆನೋ ಇಲ್ಲವೋ, ಇಬ್ಬರೂ ನಮ್ಮ ಕನ್ನಡಕ್ಕೆ ಹೊರಳಿದರು. ಐರ್ಲೆಂಡಿನ ಪಶ್ಚಿಮ ಕಡಲಿನ ದ್ವೀಪಗಳಿಗೆ ಒಂದು ದಿನದ ಮಟ್ಟಿಗೆ ಹೋಗಿಬಂದವರೂ ಇದನ್ನೇ ಹೇಳುತ್ತಾರೆ: ದೋಣಿಕಟ್ಟೆಯಲ್ಲಿ ತಮ್ಮತಮ್ಮೊಳಗೆ ಐರಿಶ್ ಆಡುವವರು ಪರವೂರಿನವರನ್ನು ಕಂಡರೆ ಇಂಗ್ಲಿಷಿಗೆ ತಿರುಗುತ್ತಾರೆ. ಮರ್ಯಾದೆಯೇ ಸರಿ, ಆದರೆ ಬಂದವನಿಗೆ ಬಾಗಿಲು ಹಾಕಿದ ಹಾಗೂ ಆಗುತ್ತದೆ.

ಅಲ್ಲಿ ಐರಿಶ್ ಆಡುವ ಇಂಥ ಸೀಮೆಗೆ ಗೇಲ್‌ಟಾಖ್ಟ್ ಅನ್ನುತ್ತಾರೆ. ಮೊದಲು ಆ ಮಾತಿನ ಜನಕ್ಕೆ ಸಲ್ಲುತ್ತಿದ್ದ ಹೆಸರು 1926ರ ಸರ್ಕಾರಿ ಆಯೋಗದ ವರದಿಯ ಹೊತ್ತಿಗೆ ನಕ್ಷೆಯ ಗೆರೆಯೊಳಗೆ ಕೂತುಕೊಂಡಿತು. ಅಂಥ ದ್ವೀಪಗಳಲ್ಲೊಂದಾದ ಗ್ರೇಟ್ ಬ್ಲಾಸ್ಕೆಟ್‌ನಲ್ಲಿ ಉಳಿದಿದ್ದವರನ್ನು ಸರ್ಕಾರ 1953ರಲ್ಲಿ ಎದುರಿನ ದಡಕ್ಕೆ ಸಾಗಿಸಿತು.

ನಮ್ಮಲ್ಲೂ ಪದ ಕಡತಕ್ಕೆ ಹತ್ತಿದೆ. ‘ಗಿರಿಜನ ಹಾಡಿ’ ಅಂತ ಬೋರ್ಡು. ‘ಹಾಡಿಯವರು’ ಅಂದರೆ ಆಸ್ಪತ್ರೆ ಸಾಲಿನಲ್ಲಿ, ರೇಷನ್ ಅಂಗಡಿಯಲ್ಲಿ ದನಿಯೇ ಬೇರೆ. ಹಳ್ಳಿಯವರು ಅಂದಾಗ ಇರದ ಒಂದು ಮೆಟ್ಟಿಲು ಅದರಲ್ಲಿದೆ, ಅದು ಕೆಳಗಿನ ಮೆಟ್ಟಿಲು. ನಾಗರಹೊಳೆ ಕಾಡಿನಿಂದ ಹೊರತಂದ ಕುಟುಂಬಗಳಿಗೆ ಹುಣಸೂರಿನ ನಾಗಾಪುರದಲ್ಲಿ ಸಿಕ್ಕಿದ್ದು ನಂಬರು ಹಾಕಿದ ಬ್ಲಾಕುಗಳು: ಒಂದನೇ ಬ್ಲಾಕು, ಎರಡನೇ ಬ್ಲಾಕು. ಮರದ ನೆರಳಿಲ್ಲದ ನೇರ ಬೀದಿ, ಒಂದೇ ಅಳತೆಯ ಮನೆ. ಆದರೂ ಅದನ್ನು ಹಾಡಿ ಅಂತಲೇ ಕರೆಯುತ್ತಾರೆ. ಕಾಡು ಹಿಂದೆ ಉಳಿಯಿತು, ಪದ ಮಾತ್ರ ಸಾಮಾನಿನ ಜೊತೆ ಲಾರಿ ಹತ್ತಿತು. ಕುಂದಾಪುರದವನಿಗೆ ಹೇಳಿದರೆ ನಕ್ಕಾನು.

ನಾಲ್ಕೂವರೆಗೆ ಗೆಳೆಯ ವಾಚು ನೋಡತೊಡಗಿದ. ಗೆಣಸು ಕೆರೆಯುತ್ತಿದ್ದ ಅಜ್ಜಿ ಎರಡು ತುಂಡು ಕಾಗದಕ್ಕೆ ಸುತ್ತಿ ಕೈಗೆ ಕೊಟ್ಟು, ‘ನಿಮ್ದು ಯಾವ ಹಾಡಿ ಮಗ?’ ಅಂದರು.

‘ಹುಣಸೂರು ಅಜ್ಜಿ, ಟೌನು.’

ತಲೆಯಾಡಿಸಿದರು. ‘ಅಲ್ಲಿ ಎಷ್ಟು ಮನೆ ಅವೆ?’