ಉಮಾಶ್ರೀ: ರಂಗಸ್ಥಳದಿಂದ ಸಚಿವ ಸ್ಥಾನಕ್ಕೆ

ಯಳವತ್ತಿಗೆ ಸಮೀಪದ ಲಕ್ಷ್ಮೇಶ್ವರದ ಹೆಸರು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಬಚ್ಚಾಸಾನಿಯವರಿಂದ ಉಳಿದಿದೆ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ, ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದಾಗ, ಅವರು ಸ್ತ್ರೀಯರ ನಾಟಕ ಮಂಡಳಿಯನ್ನು ಕಟ್ಟಿದರು. ಬಣ್ಣ ಹಚ್ಚಿದ ಹೆಣ್ಣಿಗೆ ಚಪ್ಪಾಳೆ ತಟ್ಟಿದ ಸಮಾಜ ಅವಳಿಗೆ ಮರ್ಯಾದೆಯನ್ನು ಮಾತ್ರ ಸುಲಭವಾಗಿ ಕೊಡಲಿಲ್ಲ. ಅಂಥ ರಂಗಭೂಮಿಯಿಂದಲೇ ಬಂದು, ಕಲಾವಿದರ ಹಿತ ಕಾಯುವ ಸರ್ಕಾರಿ ಇಲಾಖೆಯ ಹೊಣೆ ಹೊತ್ತವರು ಉಮಾಶ್ರೀ.

1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಜನಿಸಿದ ಅವರು ಹವ್ಯಾಸಿ ರಂಗಭೂಮಿಯಲ್ಲಿ ಬೆಳೆದರು. ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ ಅವರು ನಿರ್ವಹಿಸಿದ ಸಾಕವ್ವನ ಪಾತ್ರ ಇಂದಿಗೂ ಸ್ಮರಣೀಯ. ಚಲನಚಿತ್ರಗಳಲ್ಲಿ ಬಹುಕಾಲ ಹಾಸ್ಯ ಪಾತ್ರಗಳಿಗೇ ಸೀಮಿತಗೊಂಡಿದ್ದ ಅವರ ಪ್ರತಿಭೆಗೆ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯನ್ನು ತಂದಿತು.

ವಿಧಾನ ಪರಿಷತ್ತಿನ ಸದಸ್ಯೆಯಾಗಿದ್ದ ಅವರು 2008ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ವಿಧಾನಸಭೆಗೆ ಸ್ಪರ್ಧಿಸಿ ಸೋತರು. ಆದರೆ ನೇಕಾರರ ಊರುಗಳಾದ ರಬಕವಿ-ಬನಹಟ್ಟಿಗಳನ್ನೊಳಗೊಂಡ ಆ ಕ್ಷೇತ್ರವನ್ನು ಬಿಡದೆ, 2013ರಲ್ಲಿ ಅಲ್ಲಿಂದಲೇ ಗೆದ್ದರು. ಸಿದ್ದರಾಮಯ್ಯನವರ ಸಂಪುಟ ರಚನೆಯಾದಾಗ ಅದರಲ್ಲಿದ್ದ ಏಕೈಕ ಮಹಿಳೆ ಅವರೇ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೊಂದಿಗೆ ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೂ 2018ರವರೆಗೆ ನಿರ್ವಹಿಸಿದರು.

ಸಂಕಷ್ಟದಲ್ಲಿರುವ ಹಿರಿಯ ಕಲಾವಿದರ ಮಾಸಾಶನ, ಸಾಂಸ್ಕೃತಿಕ ಸಂಘ-ಸಂಸ್ಥೆಗಳ ಧನಸಹಾಯ, ಅಕಾಡೆಮಿಗಳು, ರಂಗಮಂದಿರಗಳು ಇವೆಲ್ಲ ಈ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ನಾಟಕವನ್ನೇ ನಂಬಿದ ಬಡ ಕುಟುಂಬಕ್ಕೆ ಇಲ್ಲಿಯ ಒಂದೊಂದು ಕಡತವೂ ಬದುಕಿನ ಪ್ರಶ್ನೆ. ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಲ್ಲಿಸಿದ ಸಾಂಸ್ಕೃತಿಕ ನೀತಿಯ ವರದಿಗೆ ಸಚಿವ ಸಂಪುಟ 2017ರಲ್ಲಿ ಒಪ್ಪಿಗೆ ನೀಡಿದ್ದು ಉಮಾಶ್ರೀಯವರ ಅವಧಿಯಲ್ಲಿಯೇ.

2018ರ ಚುನಾವಣೆಯಲ್ಲಿ ಪರಾಭವಗೊಂಡ ಅವರು ಮರಳಿ ರಂಗವನ್ನೇರಿದರು. ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದಲ್ಲಿ ಅಭಿನಯಿಸಿದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಮೇಲೂ ಬಣ್ಣ ಬಿಡಲಿಲ್ಲ. 2024ರಲ್ಲಿ ಯಕ್ಷಗಾನದಲ್ಲಿ ಮಂಥರೆಯಾಗಿ ಹೆಜ್ಜೆ ಹಾಕಿದರು. ಅಧಿಕಾರ ಬಂದು ಹೋಯಿತು, ಕಲೆ ಕೈಬಿಡಲಿಲ್ಲ. ಬಚ್ಚಾಸಾನಿಯ ನಾಡಿನವರು ಈ ಬದುಕನ್ನು ಅಭಿಮಾನದಿಂದ ನೆನೆಯಬಹುದಾಗಿದೆ.